ಹೆಚ್ಚು ಹಾಲು ಕೊಡುವ ಹಸುವನ್ನು ಸಕಾಲಕ್ಕೆ ಗಬ್ಬ ಕಟ್ಟಿಸುವುದು ಹೇಗೆ?

"ಹಾಲು ಜಾಸ್ತಿ ಕೊಡೋ ಹಸು ಬೇಗ ಗಬ್ಬ ನಿಲ್ಲಲ್ಲ." ಹೈನುಗಾರರಲ್ಲಿ ಈ ಮಾತು ಕೇಳದವರೇ ಇಲ್ಲ. ಮಾತಿನಲ್ಲಿ ಸತ್ಯ ಇದೆ. ಆದರೆ ಅರ್ಧ ಮಾತ್ರ. ಒಂದೇ ಕೊಟ್ಟಿಗೆಯಲ್ಲಿ ಅತಿ ಹೆಚ್ಚು ಹಾಲು ಕೊಡುವ ಹಸು ಮೊದಲ ಸಲಕ್ಕೇ ಗಬ್ಬ ಕಟ್ಟುತ್ತದೆ. ಅದರ ಅರ್ಧದಷ್ಟೂ ಹಾಲು ಕೊಡದ ಪಕ್ಕದ ಹಸು ಗಬ್ಬ ನಿಲ್ಲದೆ ಮೂರ್ನಾಲ್ಕು ಸಲ ಮತ್ತೆ ಬೆದೆಗೆ ತಿರುಗುತ್ತದೆ. ತಪ್ಪು ಹಾಲಿನದ್ದೇ ಆಗಿದ್ದರೆ ಹೀಗೆ ಆಗಬಾರದಿತ್ತು, ಅಲ್ವಾ?

ಗಬ್ಬಕ್ಕೆ ಹೆಚ್ಚು ಅಡ್ಡ ಬರುವುದು ಹಸು ಕೊಡುವ ಹಾಲಿಗೂ ತಿನ್ನುವ ಮೇವಿಗೂ ನಡುವೆ ಬೀಳುವ ಕೊರತೆ. ಈ ಕೊರತೆ ಕರು ಹಾಕಿದ ಮೊದಲ ವಾರಗಳಲ್ಲೇ ಬೀಳುತ್ತದೆ. ನಾವು ಗಮನಿಸುವುದು ಮಾತ್ರ ಮೂರು ತಿಂಗಳ ನಂತರ, ಹಸು ಬೆದೆಗೆ ಬರದೇ ಇದ್ದಾಗ. ಆದ್ದರಿಂದ ಗಬ್ಬದ ಕೆಲಸವನ್ನು ಕರು ಹಾಕುವ ಎರಡು ತಿಂಗಳು ಮೊದಲೇ ಶುರು ಮಾಡಬೇಕು. ಈ ಲೇಖನದ ಹೆಜ್ಜೆಗಳು ಅದೇ ಕ್ರಮದಲ್ಲಿವೆ.

ಮೊದಲು, ಒಳಗೆ ಏನು ನಡೆಯುತ್ತದೆ ಅಂತ ತಿಳಿಯೋಣ

ಸುಮಾರು 600 ಕೆಜಿ ತೂಕದ ಹಸು ಸುಮ್ನೆ ಬದುಕಿರಲು ಎಷ್ಟು ಶಕ್ತಿ ಬೇಕೋ, 13 ಲೀಟರ್ ಹಾಲು ಉತ್ಪಾದಿಸಲು ಹೆಚ್ಚುಕಮ್ಮಿ ಅಷ್ಟೇ ಶಕ್ತಿ ಬೇಕು. ಅಂದರೆ 30 ಲೀಟರ್ ಕೊಡುವ ಹಸು ತನ್ನ ಮೈಗೆ ಬೇಕಾದ್ದಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಶಕ್ತಿಯನ್ನು ಕೆಚ್ಚಲಿಗೆ ಸುರಿಯುತ್ತಿದೆ. ಕರು ಹಾಕಿದ 4ರಿಂದ 8 ವಾರದೊಳಗೆ ಹಾಲು ಗರಿಷ್ಠ ಮಟ್ಟಕ್ಕೆ ಏರುತ್ತದೆ. ಹಸುವಿನ ಹಸಿವು ಪೂರ್ತಿ ತೆರೆದುಕೊಳ್ಳುವುದು 10ರಿಂದ 14ನೇ ವಾರದ ಹೊತ್ತಿಗೆ. ಈ ನಡುವಿನ ದಿನಗಳಲ್ಲಿ, ದುಡಿಮೆಗಿಂತ ಖರ್ಚು ಹೆಚ್ಚಿರುವ ಮನೆ ಕೂಡಿಟ್ಟದ್ದನ್ನು ಕರಗಿಸುವ ಹಾಗೆ, ಹಸು ತನ್ನ ಮೈಯ ಕೊಬ್ಬನ್ನು ಕರಗಿಸಿ ಹಾಲು ಕೊಡುತ್ತದೆ. ಮೈಯಿಂದ ಒಂದು ಕೆಜಿ ಕರಗಿದರೆ ಸುಮಾರು 6-7 ಲೀಟರ್ ಹಾಲಿಗೆ ಆಗುವಷ್ಟು ಶಕ್ತಿ ಸಿಗುತ್ತದೆ.

ಸ್ವಲ್ಪ ಕರಗುವುದು ಸಹಜ. ಎಲ್ಲ ಒಳ್ಳೆಯ ಹಾಲಿನ ಹಸುವೂ ಕರಗುತ್ತದೆ. ಅದು ಮಿತಿ ಮೀರಿದರೆ ತೊಂದರೆ. ರಕ್ತದಲ್ಲಿ ಇನ್ಸುಲಿನ್ ಮತ್ತು ಸಕ್ಕರೆ ಕಡಿಮೆಯಾಗುತ್ತವೆ, ಕೊಬ್ಬು ಕರಗುವಾಗ ಹುಟ್ಟುವ ಕೊಬ್ಬಿನಾಮ್ಲ ಮತ್ತು ಕೀಟೋನ್ ಏರುತ್ತವೆ. "ಈಗ ಇನ್ನೊಂದು ಕರುವನ್ನು ಹೊರುವ ಸ್ಥಿತಿ ಇಲ್ಲ" ಎಂದು ಮೆದುಳು ತೀರ್ಮಾನಿಸುತ್ತದೆ. ಅಂಡ ಬಲಿತು ಹೊರಬರಲು ಬೇಕಾದ ಹಾರ್ಮೋನು ಸಾಕಷ್ಟು ಬಿಡುಗಡೆಯಾಗುವುದಿಲ್ಲ. ಹಸು ಬೆದೆಗೇ ಬರುವುದಿಲ್ಲ.

ಇನ್ನೊಂದು ವಿಷಯ ಬಹಳ ಜನಕ್ಕೆ ಗೊತ್ತಿರುವುದಿಲ್ಲ. ಒಂದು ಅಂಡ ಬೆಳೆದು ಹೊರಬರಲು ಎರಡರಿಂದ ಮೂರು ತಿಂಗಳು ಹಿಡಿಯುತ್ತದೆ. ಕರು ಹಾಕಿದ 80ನೇ ದಿನ ನೀವು ಕೃತಕ ಗರ್ಭಧಾರಣೆ ಮಾಡಿಸುವಾಗ ಸಿಗುವ ಅಂಡ, ಕರು ಹಾಕಿದ ಹೊಸತರಲ್ಲಿ, ಹಸು ಅತಿ ಬಳಲಿದ್ದಾಗ ಬೆಳೆಯಲು ಶುರುವಾದದ್ದು. ಹಾಗಾಗಿ ಈಗ ಹಸು ನೋಡಲು ಚೆನ್ನಾಗಿದ್ದರೂ ಗಬ್ಬ ನಿಲ್ಲದೇ ಇರಬಹುದು.

ಎರಡನೇ ಕಾರಣ ನೇರವಾಗಿ ಹಾಲಿಗೆ ಸಂಬಂಧಿಸಿದ್ದು. ಹೆಚ್ಚು ಹಾಲಿಗೆ ಹೆಚ್ಚು ಮೇವು ಬೇಕು. ಹೆಚ್ಚು ಮೇವು ತಿಂದರೆ ಪಿತ್ತಜನಕಾಂಗದ ಮೂಲಕ ಹೆಚ್ಚು ರಕ್ತ ಹರಿಯುತ್ತದೆ. ಬೆದೆಯನ್ನು ತೋರಿಸುವ ಈಸ್ಟ್ರೋಜನ್, ಗಬ್ಬವನ್ನು ಉಳಿಸುವ ಪ್ರೊಜೆಸ್ಟೆರಾನ್ ಎರಡೂ ಅಲ್ಲಿ ಬೇಗ ಬೇಗ ಒಡೆದು ಹೋಗುತ್ತವೆ. ಪರಿಣಾಮ? ಬೆದೆ ಚಿಕ್ಕದಾಗುತ್ತದೆ, ಮಂಕಾಗುತ್ತದೆ. 2004ರಲ್ಲಿ ಪ್ರಕಟವಾದ ಅಮೆರಿಕದ ವಿಸ್ಕಾನ್ಸಿನ್‌ನ ಅಧ್ಯಯನವೊಂದರಲ್ಲಿ ದಿನಕ್ಕೆ ಸುಮಾರು 40 ಕೆಜಿಗಿಂತ ಕಡಿಮೆ ಹಾಲು ಕೊಡುವ ಹಸುಗಳ ಬೆದೆ ಸರಾಸರಿ 11 ಗಂಟೆ ಇದ್ದರೆ, ಅದಕ್ಕಿಂತ ಹೆಚ್ಚು ಕೊಡುವವುಗಳದ್ದು ಬರೀ 6 ಗಂಟೆ ಇತ್ತು. ರಾತ್ರಿ ಹತ್ತಕ್ಕೆ ಶುರುವಾದ ಬೆದೆ ಬೆಳಗ್ಗೆ ನಾಲ್ಕಕ್ಕೆ ಮುಗಿದೇ ಹೋಯಿತು. ನಾವು ಎದ್ದು ಕೊಟ್ಟಿಗೆಗೆ ಬಂದಾಗ ಹಸು ಆರಾಮಾಗಿ ಮೆಲುಕು ಹಾಕುತ್ತಿರುತ್ತದೆ.

ಹೆಜ್ಜೆ 1: ಹಾಲು ಬತ್ತಿಸುವ ದಿನವೇ ಮೈಕಟ್ಟು ನೋಡಿ

ಕರು ಹಾಕುವ ದಿನಕ್ಕೆ ಸುಮಾರು 60 ದಿನ ಮೊದಲು ಹಾಲು ಬತ್ತಿಸಬೇಕು. ಆ ದಿನ ಹಸುವಿನ ಹಿಂದೆ ನಿಂತು ಬಾಲದ ಬುಡ, ಸೊಂಟದ ಮೂಳೆ, ಪಕ್ಕೆಲುಬು ನೋಡಿ, ಕೈಯಿಂದ ಒತ್ತಿಯೂ ನೋಡಿ. ಮೈಕಟ್ಟಿಗೆ 1ರಿಂದ 5ರವರೆಗೆ ಅಂಕ ಕೊಡುವ ಪದ್ಧತಿ ಇದೆ. ಮೂಳೆಗಳೆಲ್ಲ ಎದ್ದು ಕಂಡರೆ 1. ಬಾಲದ ಬುಡ ಕೊಬ್ಬಿನಲ್ಲಿ ಮುಳುಗಿ ಹೋಗಿದ್ದರೆ 5. ಕರು ಹಾಕುವಾಗ 3ರಿಂದ 3.5 ಇರಬೇಕು.

ಹಸು ದಪ್ಪ ಇದ್ದಷ್ಟೂ ಒಳ್ಳೆಯದು ಅಂತ ಬತ್ತಿದ ದಿನಗಳಲ್ಲಿ ಹಿಂಡಿ ಸುರಿಯಬೇಡಿ. ಅತಿ ಕೊಬ್ಬಿದ ಹಸು ಕರು ಹಾಕಿದ ಮೇಲೆ ಸರಿಯಾಗಿ ತಿನ್ನುವುದಿಲ್ಲ, ಮೈ ಬಹಳ ಬೇಗ ಕರಗುತ್ತದೆ, ಕೊಬ್ಬು ಪಿತ್ತಜನಕಾಂಗದಲ್ಲಿ ಕೂರುತ್ತದೆ. ಹಾಗೆಂದು ಬತ್ತಿದ ದಿನಗಳಲ್ಲಿ ದಪ್ಪ ಹಸುವನ್ನು ಉಪವಾಸ ಹಾಕಿ ಇಳಿಸಲೂ ಹೋಗಬಾರದು. ಮೈಕಟ್ಟು ಸರಿಪಡಿಸಬೇಕಾದದ್ದು ಹಾಲು ಕೊಡುವ ಕೊನೆಯ ಮೂರು ತಿಂಗಳಲ್ಲಿ. ಬತ್ತಿದ ಮೇಲೆ ಇದ್ದದ್ದನ್ನು ಉಳಿಸಿಕೊಳ್ಳುವುದಷ್ಟೇ.

ಹೆಜ್ಜೆ 2: ಕರು ಹಾಕುವ ಮೂರು ವಾರ ಮೊದಲು

ಈ ದಿನಗಳಲ್ಲಿ ಹಸು ತಿನ್ನುವುದು ತಾನಾಗೇ ಕಡಿಮೆಯಾಗುತ್ತದೆ. ಮುಂದೆ ಕೊಡುವ ಪಶು ಆಹಾರವನ್ನು ಈಗಲೇ ಸ್ವಲ್ಪ ಸ್ವಲ್ಪ ರೂಢಿ ಮಾಡಿಸಿ, ಹೊಟ್ಟೆಯೊಳಗಿನ ಸೂಕ್ಷ್ಮಜೀವಿಗಳು ಹೊಂದಿಕೊಳ್ಳಲು ಸಮಯ ಬೇಕು. ಕ್ಯಾಲ್ಸಿಯಂ ಪುಡಿಯನ್ನು ಮಾತ್ರ ಈಗ ಹೆಚ್ಚಾಗಿ ಕೊಡಬೇಡಿ. ಹೊರಗಿನಿಂದ ಬೇಕಾದಷ್ಟು ಸಿಗುತ್ತಿದ್ದರೆ, ಮೂಳೆಯಿಂದ ಕ್ಯಾಲ್ಸಿಯಂ ತೆಗೆಯುವ ಕೆಲಸವನ್ನು ಹಸುವಿನ ಮೈ ನಿಲ್ಲಿಸಿಬಿಡುತ್ತದೆ. ಕರು ಹಾಕಿದ ದಿನ ಗಿಣ್ಣದ ಹಾಲಿಗೆ ಒಮ್ಮೆಲೇ ಕ್ಯಾಲ್ಸಿಯಂ ಬೇಕಾದಾಗ ರಕ್ತದಲ್ಲಿ ಅದು ಕುಸಿದು ಹಾಲುಜ್ವರ ಬರುತ್ತದೆ. ಹಾಲುಜ್ವರಕ್ಕೂ ಗಬ್ಬಕ್ಕೂ ಏನು ಸಂಬಂಧ ಅನ್ನಬಹುದು. ಕ್ಯಾಲ್ಸಿಯಂ ಕಡಿಮೆಯಾದರೆ ಗರ್ಭಕೋಶದ ಸ್ನಾಯು ಬಿಗಿಯುವುದಿಲ್ಲ, ಕಸ (ಕರುವಿನ ನಂತರ ಬೀಳುವ ಮಾಸು) ಬೀಳುವುದು ತಡವಾಗುತ್ತದೆ, ಸೋಂಕು ಹತ್ತುತ್ತದೆ. ಸೆಲೆನಿಯಂ, ವಿಟಮಿನ್ ಇ, ತಾಮ್ರ, ಸತು ಇರುವ ಖನಿಜ ಮಿಶ್ರಣವನ್ನು ತಪ್ಪಿಸಬೇಡಿ.

ಹೆಜ್ಜೆ 3: ಕರು ಹಾಕಿದ ಮೊದಲ ಮೂರು ವಾರ, ತಿನ್ನಿಸುವುದೇ ಕೆಲಸ

ಇಡೀ ಲೇಖನದಲ್ಲಿ ಒಂದೇ ಒಂದು ಹೆಜ್ಜೆ ಪಾಲಿಸಲು ಸಾಧ್ಯ ಅಂದರೆ ನಾನು ಇದನ್ನೇ ಆರಿಸಲು ಹೇಳುತ್ತೇನೆ. 2014ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ 1,800ಕ್ಕೂ ಹೆಚ್ಚು ಹಸುಗಳನ್ನು ಗಮನಿಸಿದರು. ಮೊದಲ ಮೂರು ವಾರದಲ್ಲಿ ಮೈ ಇಳಿದ ಹಸುಗಳಲ್ಲಿ ಮೊದಲ ಗರ್ಭಧಾರಣೆಗೆ ಗಬ್ಬ ನಿಂತದ್ದು ನೂರಕ್ಕೆ 25. ಮೈ ಹಾಗೇ ಉಳಿಸಿಕೊಂಡವುಗಳಲ್ಲಿ 38. ಮೈ ಕಟ್ಟಿಕೊಂಡವುಗಳಲ್ಲಿ 84ರ ಹತ್ತಿರ! ಈ ಮೂರು ಗುಂಪುಗಳ ಹಾಲಿನಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ ಅನ್ನುವುದನ್ನು ಗಮನಿಸಿ. ಹಾಲು ಹೆಚ್ಚುಕಮ್ಮಿ ಒಂದೇ ಆಗಿದ್ದಾಗ ಗಬ್ಬವನ್ನು ಬೇರೆ ಮಾಡಿದ್ದು ಮೈಕಟ್ಟು.

ಹಾಗಾದರೆ ಮಾಡಬೇಕಾದದ್ದು ಏನು? ಗೋದಲಿ ಖಾಲಿ ಬಿಡಬೇಡಿ. ಮುಂದಿನ ಸಲ ಮೇವು ಹಾಕುವಾಗ ಹಿಂದಿನದು ಸ್ವಲ್ಪ ಉಳಿದಿರಬೇಕು, ಆಗಲೇ ಹಸು ಹೊಟ್ಟೆ ತುಂಬ ತಿಂದಿದೆ ಅಂತ ಅರ್ಥ. ದಿನಕ್ಕೆ ಎರಡು ಸಲ ರಾಶಿ ಹಾಕುವ ಬದಲು ನಾಲ್ಕೈದು ಸಲ ಸ್ವಲ್ಪ ಸ್ವಲ್ಪ ಹಾಕಿ. ಒಳ್ಳೆಯ, ಎಳೆಯ, ಬೇಗ ಜೀರ್ಣವಾಗುವ ಮೇವನ್ನು ಈ ಹಸುವಿಗೇ ಮೀಸಲಿಡಿ. ಒರಟು ಒಣಹುಲ್ಲನ್ನು ಬತ್ತಿದ ಹಸುಗಳಿಗೆ ಕೊಡಿ. ಪಶು ಆಹಾರವನ್ನು ದಿನಕ್ಕೆ ಕಾಲು ಕೆಜಿಯಿಂದ ಅರ್ಧ ಕೆಜಿಯಷ್ಟು ಮಾತ್ರ ಏರಿಸುತ್ತಾ ಹೋಗಿ. ಹಾಲು ಏರುತ್ತಿದೆ ಅಂತ ಒಮ್ಮೆಲೇ ಹಾಕಿದರೆ ಹೊಟ್ಟೆಯಲ್ಲಿ ಹುಳಿ ಹೆಚ್ಚಾಗಿ ಹಸು ತಿನ್ನುವುದನ್ನೇ ನಿಲ್ಲಿಸುತ್ತದೆ, ಮಾಡಿದ್ದೆಲ್ಲ ವ್ಯರ್ಥ. ಜೋಳ ಮುಂತಾದ ಧಾನ್ಯದ ಜೊತೆ ನಾರಿನ ಮೇವು ಯಾವಾಗಲೂ ಇರಲಿ. ನೀರನ್ನು ಮರೆಯಬೇಡಿ. ಒಂದು ಲೀಟರ್ ಹಾಲಿಗೆ ಸುಮಾರು 3-4 ಲೀಟರ್ ನೀರು ಬೇಕು. ನೀರು ಕಡಿಮೆ ಕುಡಿದ ಹಸು ಮೇವನ್ನೂ ಕಡಿಮೆ ತಿನ್ನುತ್ತದೆ.

ಹೊಟ್ಟೆಯಲ್ಲಿ ಕರಗದೇ ಮುಂದೆ ಹೋಗಿ ಜೀರ್ಣವಾಗುವ ಬೈಪಾಸ್ ಕೊಬ್ಬು ಕೊಡಬಹುದು. ಆದರೆ ಹಸು ಮೇವನ್ನೇ ತಿನ್ನದಿರುವಾಗ ಅದೊಂದರಿಂದ ಏನೂ ಆಗದು. ಹಿಂಡಿಯ ವಿಷಯದಲ್ಲೂ ಎಚ್ಚರ ಬೇಕು. ಶಕ್ತಿ ಕೊಡುವ ಆಹಾರ ಸಾಲದೆ ಪ್ರೋಟೀನ್ ಮಾತ್ರ ಜಾಸ್ತಿಯಾದರೆ ರಕ್ತದಲ್ಲಿ ಯೂರಿಯಾ ಏರುತ್ತದೆ, ಗರ್ಭಕೋಶದ ಒಳಗಿನ ವಾತಾವರಣ ಭ್ರೂಣಕ್ಕೆ ಒಗ್ಗುವುದಿಲ್ಲ. ಹಾಲಿನ ಯೂರಿಯಾ ಸಾರಜನಕ ಡೆಸಿಲೀಟರ್‌ಗೆ 19-20 ಮಿಲಿಗ್ರಾಂ ದಾಟಿದ್ದರೆ ಮೇವಿನ ಹೊಂದಾಣಿಕೆ ಬದಲಿಸಬೇಕು.

ರಕ್ತದಲ್ಲಿ ಕೀಟೋನ್ ಮಿತಿ ಮೀರಿ ಏರುವ ಕಾಯಿಲೆಯಾದ ಕೀಟೋಸಿಸ್ ಬಗ್ಗೆ ಕಣ್ಣಿಡಿ. ಹಸು ಪಶು ಆಹಾರ ಬಿಟ್ಟು ಒಣಹುಲ್ಲು ಮಾತ್ರ ತಿನ್ನುತ್ತಿದ್ದರೆ, ಸಗಣಿ ಗಟ್ಟಿಯಾಗಿದ್ದರೆ, ಹಾಲು ಒಮ್ಮೆಲೇ ಇಳಿದರೆ, ಉಸಿರಲ್ಲಿ ಸಿಹಿ ವಾಸನೆ ಬಂದರೆ ಪಶುವೈದ್ಯರನ್ನು ಕರೆಸಿ. ಹೊರಗೆ ಕಾಣದ ಕೀಟೋಸಿಸ್ ಇನ್ನೂ ಹೆಚ್ಚು. ಹಾಲಿನ ಪರೀಕ್ಷೆಯಲ್ಲಿ ಕೊಬ್ಬಿನ ಅಂಶವನ್ನು ಪ್ರೋಟೀನ್ ಅಂಶದಿಂದ ಭಾಗಿಸಿ ನೋಡಿ. ಕರು ಹಾಕಿದ ಹೊಸತರಲ್ಲಿ ಅದು 1.4 ದಾಟಿದರೆ ಹಸು ಮೈ ಕರಗಿಸಿಕೊಂಡೇ ಹಾಲು ಕೊಡುತ್ತಿರುವ ಸಾಧ್ಯತೆ ಹೆಚ್ಚು. ಹಾಲಿನಲ್ಲಿ ಫ್ಯಾಟ್ ಜಾಸ್ತಿ ಬಂತು ಅಂತ ಖುಷಿಪಡುವ ಹೊತ್ತಲ್ಲ ಅದು.

ಎರಡು ವಾರಕ್ಕೊಮ್ಮೆ ಮೈಕಟ್ಟಿನ ಅಂಕ ಬರೆದಿಡಿ. ಕರು ಹಾಕಿದ ದಿನದ ಅಂಕಕ್ಕಿಂತ ಅರ್ಧ ಅಂಕದೊಳಗೆ ಇಳಿದರೆ ಪರವಾಗಿಲ್ಲ. ಒಂದು ಅಂಕ ಇಳಿದರೆ ಆ ಹಸುವಿನ ಗಬ್ಬ ತಡವಾಗುತ್ತದೆ ಅಂತಲೇ ಲೆಕ್ಕ ಹಾಕಿಕೊಳ್ಳಿ.

ಹೆಜ್ಜೆ 4: ಗರ್ಭಕೋಶ ಶುದ್ಧವಾಗಿದೆಯೇ ನೋಡಿ

ಕರು ಹಾಕಿದ 12 ಗಂಟೆಯೊಳಗೆ ಸಾಮಾನ್ಯವಾಗಿ ಕಸ ಬೀಳುತ್ತದೆ. 24 ಗಂಟೆ ಕಳೆದರೂ ಬೀಳದಿದ್ದರೆ ಕೈ ಹಾಕಿ ಎಳೆಯಬೇಡಿ, ಎಳೆಸಲೂಬೇಡಿ. ಗರ್ಭಕೋಶದ ಒಳಪದರ ಹರಿದು ಸೋಂಕು ಇನ್ನೂ ಆಳಕ್ಕೆ ಇಳಿಯುತ್ತದೆ. ಹಸುವಿನ ಜ್ವರ ನೋಡುತ್ತಾ ಇರಿ. 39.5 ಡಿಗ್ರಿ ಸೆಲ್ಸಿಯಸ್ ದಾಟಿದರೆ, ಅಥವಾ ಕೆಟ್ಟ ವಾಸನೆಯ, ನೀರಾದ, ಕೆಂಪು-ಕಂದು ಸ್ರಾವ ಬಂದರೆ ಅದೇ ದಿನ ಚಿಕಿತ್ಸೆ ಆಗಬೇಕು. ವಾಸನೆ ಇಲ್ಲದ ಸ್ರಾವ ಎರಡು ಮೂರು ವಾರ ಹೋಗುವುದು ಸಹಜ. ನಾಲ್ಕನೇ ವಾರದ ನಂತರವೂ ಕೀವು ಕಂಡರೆ, ಬೆದೆಯ ಲೋಳೆ ಮಸುಕಾಗಿದ್ದರೆ, ಗರ್ಭಧಾರಣೆಗೆ ಮೊದಲು ತೋರಿಸಿ.

ಕೆಚ್ಚಲು ಬಾವು, ಕಾಲು ಕುಂಟುವುದು ಇವೂ ಗಬ್ಬವನ್ನು ಹಿಂದೆ ತಳ್ಳುತ್ತವೆ. ಕುಂಟುವ ಹಸು ಬೆದೆ ತೋರಿಸುವುದಿಲ್ಲ, ಗೋದಲಿಯ ಹತ್ತಿರ ಹೆಚ್ಚು ಹೊತ್ತು ನಿಲ್ಲುವುದೂ ಇಲ್ಲ.

ಹೆಜ್ಜೆ 5: ಬೆದೆಯನ್ನು ಹುಡುಕಿ

ಹೆಚ್ಚು ಹಾಲಿನ ಹಸುವಿನ ಬೆದೆ ತಾನಾಗೇ ಕಣ್ಣಿಗೆ ಬೀಳುವುದಿಲ್ಲ. ನಸುಕಿನಲ್ಲಿ, ಮಧ್ಯಾಹ್ನ, ರಾತ್ರಿ ಮಲಗುವ ಮುಂಚೆ, ಹೀಗೆ ದಿನಕ್ಕೆ ಮೂರು ಸಲ 20-30 ನಿಮಿಷ ಸುಮ್ನೆ ನಿಂತು ನೋಡಿ. ಹಾಲು ಕರೆಯುತ್ತಾ, ಮೇವು ಹಾಕುತ್ತಾ ನೋಡಿದರೆ ಆಗುವುದಿಲ್ಲ, ಆಗ ಹಸುವಿನ ಗಮನ ಮೇವಿನ ಮೇಲಿರುತ್ತದೆ.

ಇನ್ನೊಂದು ಹಸು ಮೇಲೆ ಹಾರಿದಾಗ ಕದಲದೇ ನಿಂತರೆ ಅದೇ ಖಚಿತ ಬೆದೆ. ಕೂಗುವುದು, ಚಡಪಡಿಸುವುದು, ಗಾಜಿನಂತೆ ತಿಳಿಯಾದ ಲೋಳೆ ಸುರಿಯುವುದು, ಒಂದು ಹೊತ್ತಿನ ಹಾಲು ಕಡಿಮೆಯಾಗುವುದು, ಬೇರೆ ಹಸುವಿನ ಬೆನ್ನಿಗೆ ಗದ್ದ ಇಡುವುದು ಇವೆಲ್ಲ ಸುಳಿವುಗಳು. ಕಟ್ಟಿಯೇ ಸಾಕುವ ಹಸುಗಳನ್ನು ದಿನಕ್ಕೆ ಎರಡು ಸಲವಾದರೂ ಜಾರದ ಮಣ್ಣಿನ ನೆಲದಲ್ಲಿ ಬಿಡಿ. ಕಟ್ಟಿದ ಹಸು ಹೇಗೆ ತಾನೇ ಬೆದೆ ತೋರಿಸೀತು? ಬಾಲದ ಬುಡಕ್ಕೆ ಬಣ್ಣ ಬಳಿದು ಅದು ಉಜ್ಜಿ ಹೋಗಿದೆಯೇ ನೋಡುವುದು ಅಗ್ಗದ, ಒಳ್ಳೆಯ ಉಪಾಯ. ದೊಡ್ಡ ಹಿಂಡಿದ್ದರೆ ಹಸುವಿಗೆ ಕಟ್ಟುವ, ನಡಿಗೆ ಎಣಿಸುವ ಪಟ್ಟಿ ರಾತ್ರಿಯ ಬೆದೆಯನ್ನೂ ಹಿಡಿಯುತ್ತದೆ.

ಬಾಲಕ್ಕೆ ರಕ್ತ ಮೆತ್ತಿದ್ದು ಕಂಡರೆ ಬೆದೆ ಒಂದೆರಡು ದಿನದ ಹಿಂದೆ ಮುಗಿದಿದೆ ಅಂತ ಅರ್ಥ. ಆಗ ಗರ್ಭಧಾರಣೆ ಮಾಡಿಸಬೇಡಿ. ಮುಗಿದ ಆ ಬೆದೆಯ ದಿನಾಂಕ ಬರೆದುಕೊಂಡು, ಅಲ್ಲಿಂದ 18ನೇ ದಿನದಿಂದ ಕಾಯಿರಿ. ಬೆದೆ 18ರಿಂದ 24 ದಿನಕ್ಕೊಮ್ಮೆ ಬರುತ್ತದೆ. ಮೊದಲ ಬೆದೆಯಿಂದಲೇ ಬರೆದಿಟ್ಟರೆ ಮುಂದಿನದು ಯಾವ ವಾರ ಅಂತ ಗೊತ್ತಿರುತ್ತದೆ. ಆ ವಾರ ಮಂಕು ಬೆದೆಯೂ ತಪ್ಪಿಸಿಕೊಳ್ಳುವುದು ಕಷ್ಟ.

ಕರು ಹಾಕಿ 60 ದಿನ ಕಳೆದರೂ ಏನೂ ಕಾಣದಿದ್ದರೆ ಪಶುವೈದ್ಯರಿಂದ ಅಂಡಾಶಯ ಪರೀಕ್ಷೆ ಮಾಡಿಸಿ. ಬೆದೆ ಬರುತ್ತಿದ್ದು ನಮಗೆ ಕಾಣುತ್ತಿಲ್ಲವೋ, ಬರುತ್ತಲೇ ಇಲ್ಲವೋ ಅನ್ನುವುದು ಮೊದಲು ತಿಳಿಯಬೇಕು. ಎರಡಕ್ಕೂ ಔಷಧಿ ಒಂದೇ ಅಲ್ಲ. ಹಾರ್ಮೋನು ಇಂಜೆಕ್ಷನ್‌ಗಳನ್ನು ಕ್ರಮವಾಗಿ ಕೊಟ್ಟು, ಬೆದೆ ಕಾಯದೆ ನಿಗದಿತ ಹೊತ್ತಿಗೆ ಗರ್ಭಧಾರಣೆ ಮಾಡಿಸುವ ವಿಧಾನ 1995ರಿಂದ ಬಳಕೆಯಲ್ಲಿದೆ. ಅದನ್ನು ಓವ್‌ಸಿಂಕ್ ಅನ್ನುತ್ತಾರೆ. ಹೆಚ್ಚು ಹಾಲಿನ ಹಸುಗಳಿಗೆ ಅದರಿಂದ ನಿಜವಾದ ಉಪಯೋಗ ಇದೆ. ಆದರೆ ಮೂಳೆ ಕಾಣುವಷ್ಟು ಸೊರಗಿದ ಹಸುವಿಗೆ ಮೊದಲು ಮೇವು, ಆಮೇಲೆ ಇಂಜೆಕ್ಷನ್.

ಹೆಜ್ಜೆ 6: ಯಾವಾಗ ಗರ್ಭಧಾರಣೆ?

ಕರು ಹಾಕಿದ ಮೇಲೆ ಗರ್ಭಕೋಶ ಮೊದಲಿನ ಗಾತ್ರಕ್ಕೆ ಬರಲು ಸುಮಾರು 40 ದಿನ ಬೇಕು. ಹಾಗಾಗಿ 50-60 ದಿನದ ಮೊದಲು ಬಂದ ಬೆದೆಯನ್ನು ಬರೆದಿಟ್ಟು ಬಿಟ್ಟುಬಿಡಿ. ತುಂಬಾ ಹಾಲು ಕೊಡುತ್ತಿರುವ ಹಸು, ಅದರಲ್ಲೂ ಮೊದಲ ಕರುವಿನ ಹಸು, ಇನ್ನೂ ಮೈ ಕಟ್ಟುತ್ತಿದ್ದರೆ ಇನ್ನೊಂದು ಬೆದೆ ಕಾಯುವುದರಲ್ಲಿ ನಷ್ಟವಿಲ್ಲ. ಅದರ ಹಾಲು ನಿಧಾನವಾಗಿ ಇಳಿಯುತ್ತದೆ, ಎರಡು ಕರುಗಳ ನಡುವಿನ ಅಂತರ 13-14 ತಿಂಗಳಾದರೂ ನಡೆಯುತ್ತದೆ. ಹಾಲು ಬೇಗ ಇಳಿಯುವ ಹಸುವಿಗೆ ಮಾತ್ರ ಈ ಸಡಿಲ ಬೇಡ. ಅದು ಖಾಲಿ ಉಳಿದ ಒಂದೊಂದು ಬೆದೆಯೂ ನೇರ ನಷ್ಟ.

ಬೆಳಗ್ಗೆ ಬೆದೆ ಕಂಡರೆ ಸಂಜೆ, ಸಂಜೆ ಕಂಡರೆ ಮರುದಿನ ಬೆಳಗ್ಗೆ ಅನ್ನುವ ಹಳೆಯ ನಿಯಮ ಈಗಲೂ ಸರಿ. ಬೆದೆ ಶುರುವಾದ ಸುಮಾರು 28 ಗಂಟೆಗೆ ಅಂಡ ಹೊರಬರುತ್ತದೆ, ಅಷ್ಟರೊಳಗೆ ವೀರ್ಯ ಒಳಗೆ ಸಿದ್ಧವಾಗಿರಬೇಕು. ಹೆಪ್ಪುಗಟ್ಟಿಸಿದ ವೀರ್ಯದ ಕಡ್ಡಿಯನ್ನು 35-37 ಡಿಗ್ರಿ ಬಿಸಿನೀರಿನಲ್ಲಿ 30ರಿಂದ 45 ಸೆಕೆಂಡ್ ಇಟ್ಟು, ಕೂಡಲೇ ಬಳಸುತ್ತಾರೆಯೇ ಅಂತ ನಿಂತು ನೋಡಿ. ಕೈಯಲ್ಲಿ ಉಜ್ಜಿ, ಜೇಬಿನಲ್ಲಿಟ್ಟು ಕರಗಿಸುವುದು ಬೇಡ.

ಹೆಜ್ಜೆ 7: ನಿಂತ ಗಬ್ಬವನ್ನು ಉಳಿಸಿ

ಇಲ್ಲೇ ಬಹಳಷ್ಟು ಗಬ್ಬ ಕೈತಪ್ಪುವುದು. ವೀರ್ಯ ಮತ್ತು ಅಂಡ ಸೇರುವುದು ಬಹುತೇಕ ಹಸುಗಳಲ್ಲಿ ಆಗುತ್ತದೆ. ಆದರೆ ಹೆಚ್ಚು ಹಾಲಿನ ಹಸುಗಳಲ್ಲಿ ತಿಂಗಳ ಹೊತ್ತಿಗೆ ಗಬ್ಬ ಉಳಿದಿರುವುದು ನೂರಕ್ಕೆ 30-40 ಮಾತ್ರ. ಭ್ರೂಣ 16ನೇ ದಿನದ ಆಸುಪಾಸಿನಲ್ಲಿ "ನಾನು ಇಲ್ಲಿದ್ದೇನೆ" ಅಂತ ತಾಯಿಗೆ ಸಂಕೇತ ಕೊಡಬೇಕು. ಪ್ರೊಜೆಸ್ಟೆರಾನ್ ಕಡಿಮೆ ಇದ್ದರೆ ಭ್ರೂಣ ಚಿಕ್ಕದಾಗಿರುತ್ತದೆ, ಸಂಕೇತ ಸಾಲುವುದಿಲ್ಲ, ಹಸು ಮತ್ತೆ ಬೆದೆಗೆ ಬರುತ್ತದೆ. ಆದ್ದರಿಂದ ಗರ್ಭಧಾರಣೆಯಾದ ಮೊದಲ ತಿಂಗಳು ಮೇವು ಬದಲಿಸುವುದು, ದೂರ ಸಾಗಿಸುವುದು, ಹಸುಗಳ ಹೊಸ ಗುಂಪಿಗೆ ಸೇರಿಸುವುದು ಬೇಡ.

ಬಿಸಿಲಿನ ವಿಷಯ ಇದಕ್ಕೇ ಸೇರಿದ್ದು. ಹೆಚ್ಚು ಹಾಲಿನ ಹಸುವಿನ ಮೈಯಲ್ಲಿ ಹುಟ್ಟುವ ಶಾಖವೇ ಜಾಸ್ತಿ, ಹಾಗಾಗಿ ಬಿಸಿಲಿಗೆ ಮೊದಲು ಸೋಲುವುದೂ ಅದೇ. ಮೈಯ ಶಾಖ 39 ಡಿಗ್ರಿ ದಾಟಿದರೆ ಮೊದಲ ವಾರದ ಭ್ರೂಣ ಬದುಕುವುದು ಕಷ್ಟ. ನೆರಳು, ಫ್ಯಾನು, ಮೈ ಮೇಲೆ ನೀರು, ಕುಡಿಯಲು ತಣ್ಣೀರು, ಮತ್ತು ತಂಪು ಹೊತ್ತಿನಲ್ಲಿ ಮೇವು. ಸೆಖೆ ಕಳೆದ ಮೇಲೂ ಒಂದೆರಡು ತಿಂಗಳು ಗಬ್ಬ ಕಡಿಮೆಯೇ ಇರುತ್ತದೆ, ಏಕೆಂದರೆ ಬಲಿಯುತ್ತಿದ್ದ ಅಂಡಗಳಿಗೂ ಬಿಸಿ ತಟ್ಟಿರುತ್ತದೆ.

ಬೆದೆ ತಿರುಗಲಿಲ್ಲ ಅಂದ ಮಾತ್ರಕ್ಕೆ ಗಬ್ಬ ಅಂತ ತಿಳಿಯಬೇಡಿ. ಸ್ಕ್ಯಾನಿಂಗ್ ಇದ್ದರೆ 30 ದಿನಕ್ಕೆ, ಕೈ ಪರೀಕ್ಷೆಯಾದರೆ 45-60 ದಿನಕ್ಕೆ ಖಚಿತ ಮಾಡಿಸಿ. 30 ದಿನಕ್ಕೆ ಗಬ್ಬ ಕಂಡ ಹಸುವನ್ನು 60-70 ದಿನಕ್ಕೆ ಮತ್ತೊಮ್ಮೆ ನೋಡಿಸಿ. ಈ ನಡುವೆ ಸುಮಾರು ಹತ್ತರಲ್ಲಿ ಒಂದು ಗಬ್ಬ ಜಾರಿಹೋಗುತ್ತದೆ.

ಹೆಜ್ಜೆ 8: ಮುಂದಿನ ತಲೆಮಾರಿಗೆ ಹೋರಿ ಆರಿಸುವಾಗ

ಹಾಲಿನ ಗುಣ ಮತ್ತು ಗಬ್ಬದ ಗುಣ ವಂಶದಲ್ಲಿ ಸ್ವಲ್ಪ ವಿರುದ್ಧ ದಿಕ್ಕಿನಲ್ಲೇ ಎಳೆಯುತ್ತವೆ. ಅಮೆರಿಕದಲ್ಲಿ ದಶಕಗಳ ಕಾಲ ಹಾಲನ್ನೇ ಮುಖ್ಯವಾಗಿಟ್ಟು ಹೋಲ್‌ಸ್ಟೀನ್ ಹೋರಿಗಳನ್ನು ಆರಿಸಿದರು. ಹಾಲು ಏರಿತು, ಗಬ್ಬ ನಿಲ್ಲುವ ಶಕ್ತಿ ಇಳಿಯುತ್ತಾ ಬಂತು. 2003ರಲ್ಲಿ ಹೋರಿಯ ಮಗಳು ಹಸುಗಳು ಎಷ್ಟು ಬೇಗ ಗಬ್ಬ ಕಟ್ಟುತ್ತವೆ ಅನ್ನುವ ಅಂಕವನ್ನೂ ಲೆಕ್ಕಕ್ಕೆ ತಂದ ಮೇಲೆ ಆ ಇಳಿತ ನಿಂತು, ನಿಧಾನವಾಗಿ ಮೇಲೇರಿತು. ಹಾಲೂ ಏರುತ್ತಲೇ ಇತ್ತು. ನಾರ್ವೆಯ ಕೆಂಪು ತಳಿಯನ್ನು 1970ರ ದಶಕದಿಂದಲೇ ಎರಡನ್ನೂ ನೋಡಿ ಬೆಳೆಸಿದ್ದಾರೆ. ವೀರ್ಯ ಆರಿಸುವಾಗ ತಾಯಿಯ ಹಾಲಿನ ದಾಖಲೆ ಮಾತ್ರ ಕೇಳಬೇಡಿ, ಮಗಳು ಹಸುಗಳ ಗಬ್ಬದ ಅಂಕವನ್ನೂ ಕೇಳಿ.

ಇಷ್ಟೆಲ್ಲ ಮಾಡಿದರೂ ಮೂರು ಸಲ ತಿರುಗಿದ ಹಸುವಿಗೆ ನಾಲ್ಕನೇ ಸಲ ಸುಮ್ನೆ ಹಾಕಿಸಬೇಡಿ. ಪುಸ್ತಕ ತೆಗೆದು ಕರು ಹಾಕಿದ ದಿನ, ಮೈಕಟ್ಟಿನ ಅಂಕ, ಕಸ ಬಿದ್ದ ಹೊತ್ತು, ಬಂದ ಕಾಯಿಲೆ, ಬೆದೆಯ ದಿನಾಂಕ, ಹಾಕಿಸಿದ ಹೊತ್ತು ಎಲ್ಲವನ್ನೂ ಪಶುವೈದ್ಯರ ಮುಂದಿಡಿ. ಬೆದೆಗಳ ಅಂತರ 18-24 ದಿನವೇ ಇದ್ದರೆ ಹಾಕಿಸುವ ಹೊತ್ತನ್ನೋ ಗರ್ಭಕೋಶದ ಒಳಗಿನ ಸೋಂಕನ್ನೋ ಅನುಮಾನಿಸಬೇಕು. 30 ದಿನ ದಾಟಿ ತಿರುಗುತ್ತಿದ್ದರೆ ನಿಂತ ಭ್ರೂಣ ಹೋಗಿರಬಹುದು, ಅಥವಾ ನಡುವಿನ ಒಂದು ಬೆದೆ ಕಣ್ತಪ್ಪಿರಬಹುದು.